ಹೊಸ್ತಿಲ ಹೊರಗೆ ನಿಂತು ಹಾಕಿದ ಸಹಿ

ಹೋಟೆಲು, ಛತ್ರ, ಹಾಸ್ಟೆಲುಗಳ ಅಡುಗೆಮನೆಗೆ ಹೋಗಿ ಗ್ಯಾಸ್ ಪೈಪು, ಟ್ಯೂಬು, ವಾಲ್ವುಗಳನ್ನು ಪರೀಕ್ಷಿಸಿ, ಎಲ್ಲ ಸುರಕ್ಷಿತವಾಗಿದೆ ಎಂದು ಸರ್ಟಿಫಿಕೇಟ್ ಬರೆದುಕೊಡುವುದು ನನ್ನ ಕಸುಬು. ಕಸುಬು ಎನ್ನುವುದಕ್ಕೂ ಈಗ ನಾಚಿಕೆಯಾಗುತ್ತದೆ. ಗ್ಯಾಸ್ ಸೋರುತ್ತಿದ್ದರೆ ಸಾಬೂನು ನೀರೇ ಹೇಳಿಬಿಡುತ್ತದೆ. ಜಾಯಿಂಟಿಗೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಅದಕ್ಕೆ ದೊಡ್ಡ ವಿದ್ಯೆಯೇನೂ ಬೇಡ. ಒಲೆಯ ಹತ್ತಿರ ಹೋಗಬೇಕು, ಅಷ್ಟೇ.

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಸತ್ತವರ ತಿಥಿಯ ಅಡುಗೆ ಮಾಡಿಸಿ ಮನೆಮನೆಗೆ ಕಳಿಸುವವರೊಬ್ಬರಿದ್ದರು. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಮಡಿಯುಟ್ಟು ಅಡುಗೆ ಮಾಡುವವರು ಈಗ ಸಿಗುವುದಿಲ್ಲ, ಹಾಗಾಗಿ ಇವರ ವ್ಯಾಪಾರ ಜೋರು. ವರ್ಷಕ್ಕೊಮ್ಮೆ ಅವರಿಗೆ ನನ್ನ ಸಹಿ ಬೇಕಿತ್ತು. ಆ ಸಲ ನಾನು ಹೋದಾಗ ಹತ್ತು ಗಂಟೆಯಾಗಿತ್ತು. ಒಳಗೆ ಅರವತ್ತರ ಹತ್ತಿರದ ಅಡುಗೆಯಾಕೆ ಒದ್ದೆ ಸೀರೆಯಲ್ಲಿ ಒಬ್ಬರೇ ನಾಲ್ಕು ಒಲೆ ಸಂಭಾಳಿಸುತ್ತಿದ್ದರು. ಮಾಲೀಕರು ಹೊಸ್ತಿಲಲ್ಲೇ ಅಡ್ಡ ನಿಂತರು.

“ಮಡಿ ಆಗೋಗಿದೆ, ಈಗ ಒಳಗೆ ಬರೋ ಹಾಗಿಲ್ಲ. ಇಲ್ಲಿಂದಲೇ ನೋಡ್ಕೊಂಡ್ಬಿಡಿ, ಎಲ್ಲಾ ಕಾಣ್ಸುತ್ತಲ್ಲ,” ಎಂದರು.

ಕಾಣುತ್ತಿದ್ದುದು ಒಲೆಗಳ ಮುಂಭಾಗ ಮಾತ್ರ. ಟ್ಯೂಬು ಇದ್ದದ್ದು ಹಿಂದೆ, ಗೋಡೆಯ ಕಡೆ. ನಾಳೆ ಬೆಳಿಗ್ಗೆ ಅಡುಗೆಯಾಕೆಯ ಸ್ನಾನಕ್ಕೆ ಮೊದಲೇ ಬರುತ್ತೇನೆ ಎನ್ನಬಹುದಿತ್ತು. ಆದರೆ ನನಗೆ ಮೈ ಉರಿದುಹೋಯಿತು. ನಮ್ಮಪ್ಪ ಹಳ್ಳಿಯಿಂದ ಬಂದು ಚಿಕ್ಕಪೇಟೆಯಲ್ಲಿ ಬಟ್ಟೆ ಮೂಟೆ ಹೊತ್ತವರು. ತಮ್ಮನ್ನು ಹೊರಗೇ ನಿಲ್ಲಿಸಿದ ಮನೆಗಳ ಕಥೆಯನ್ನು ಅವರ ಬಾಯಲ್ಲಿ ಸಾಕಷ್ಟು ಕೇಳಿದ್ದೆ. ಸಾಬೂನು ನೀರಿನ ಬಾಟಲಿಯನ್ನಾದರೂ ಆಕೆಗೆ ಕೊಡೋಣವೆಂದು ಚಾಚಿದೆ. ಆಕೆ ಕೈ ಮುಂದೆ ತಂದು, ಮಾಲೀಕರ ಮುಖ ನೋಡಿ, ಹಿಂದಕ್ಕೆಳೆದುಕೊಂಡರು. ನಾನು ಮುಟ್ಟಿದ್ದನ್ನು ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಮೊದಲಿನಿಂದ ಅಡುಗೆ. ಆದರೂ ಎರಡು ದಿನದಿಂದ ಒಲೆಯ ಹಿಂದೆ ಏನೋ ವಾಸನೆ ಬರುತ್ತಿದೆ ಎಂದು ಅಲ್ಲಿಂದಲೇ ಹೇಳಿದರು. ಮೋರಿ ವಾಸನೆ ಇರಬೇಕು ಎಂದರು ಮಾಲೀಕರು.

ನಿಮ್ಮ ಮಡಿ ನಿಮಗಿರಲಿ, ಏನಾದರೂ ಮಾಡಿಕೊಂಡು ಸಾಯಿರಿ ಎಂದು ಮನಸ್ಸಿನಲ್ಲೇ ಬೈದುಕೊಂಡು, ಜಗಲಿಯ ಮೇಲೆ ಕೂತು ಎಲ್ಲ ಕಾಲಂಗಳಲ್ಲೂ ಸರಿ ಗುರುತು ಹಾಕಿ ಸಹಿ ಮಾಡಿದೆ. ನನ್ನ ಸಿಟ್ಟು ಮಾಲೀಕರ ಮೇಲಿತ್ತು. ಒಲೆಯ ಮುಂದೆ ನಿಂತಿದ್ದವರು ಅವರಲ್ಲ ಎಂಬುದು ಆಗ ಹೊಳೆಯಲೇ ಇಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಆಕೆ ಒಲೆ ಹಚ್ಚಲು ಹೋದಾಗ ಬೆಂಕಿ ಭಗ್ಗೆಂದು ಎದ್ದಿತು. ಒದ್ದೆ ಸೀರೆ ಮೈಯನ್ನು ಉಳಿಸಿತು. ಕೈಗಳೆರಡೂ ಮೊಣಕೈವರೆಗೆ ಸುಟ್ಟುಹೋದವು.

ಹಿಂದಿನ ದಿನ ಆಕೆಯೇ ಒಲೆಯ ನಾಬ್ ಬಂದ್ ಮಾಡದೆ ಬಿಟ್ಟುಹೋಗಿದ್ದರು ಎಂದು ಮಾಲೀಕರು ಹೇಳಿಕೆ ಕೊಟ್ಟರು. ವಿಮಾ ಕಂಪನಿಯಿಂದ ಬಂದ ಅಧಿಕಾರಿ ನನ್ನನ್ನೂ ಕರೆಸಿ, ಸರ್ಟಿಫಿಕೇಟ್ ಮುಂದೆ ಹಿಡಿದು, ಒಳಗೆ ಹೋಗಿ ಟ್ಯೂಬ್ ಪರೀಕ್ಷೆ ಮಾಡಿದ್ದಿರಾ ಎಂದು ಕೇಳಿದರು. ಇಲ್ಲ ಎಂದರೆ ನನ್ನ ಪರವಾನಗಿ ಹೋಗುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಮಾಲೀಕರು ಉಸಿರು ಬಿಗಿಹಿಡಿದು ಕೂತಿದ್ದರು. ಅವತ್ತು ಮಾತ್ರ ನಾವಿಬ್ಬರೂ ಒಂದೇ ಪಂಕ್ತಿ.

“ಹೂಂ ಸಾರ್, ನೋಡಿದೀನಿ,” ಎಂದೆ.

ಅಡುಗೆಯಾಕೆಯ ಅಜಾಗರೂಕತೆ ಎಂದು ವರದಿಯಾಯಿತು. ಆಸ್ಪತ್ರೆಯ ಮಂಚದ ಮೇಲಿದ್ದ ಆಕೆಯ ಮಾತು ನನ್ನ ಕಾಗದದ ಮುಂದೆ ನಿಲ್ಲಲಿಲ್ಲ. ವಿಮೆಯ ಹಣದಲ್ಲಿ ಮಾಲೀಕರಿಗೆ ಹೊಸ ಅಡುಗೆಮನೆ ಬಂತು. ಆಕೆಗೆ ಔಷಧಿಯ ಖರ್ಚೂ ಸಿಗಲಿಲ್ಲ.

ಎರಡು ತಿಂಗಳು ತಡೆದುಕೊಂಡೆ. ಆಮೇಲೆ ವಿಳಾಸ ಹುಡುಕಿಕೊಂಡು, ಮಾವಳ್ಳಿಯಲ್ಲಿ ಆಕೆ ತಂಗಿಯ ಜೊತೆಗಿದ್ದ ಒಂಟಿ ಕೋಣೆಯ ಮನೆಗೆ ಹೋದೆ. ನಿಜ ಹೇಳಿಬಿಡಬೇಕು, ಬೈದರೆ ಬೈಸಿಕೊಳ್ಳಬೇಕು ಎಂದುಕೊಂಡೇ ಹೋಗಿದ್ದೆ. ತಂಗಿ ಮೊಸರನ್ನ ಕಲಸಿ ಆಕೆಗೆ ತಿನ್ನಿಸುತ್ತಿದ್ದರು. ಆಕೆಯ ಬೆರಳುಗಳು ಒಂದಕ್ಕೊಂದು ಅಂಟಿ ಮುದುಡಿಹೋಗಿದ್ದವು. ನಾನು ಯಾರೆಂದು ಹೇಳಿದೆ. ಗುರುತು ಹಿಡಿದು, ಚಾಪೆ ಹಾಕಿಸಿದರು.

“ನಲ್ವತ್ತು ವರ್ಷ ಅಡುಗೆ ಮಾಡಿದೀನಿ, ಒಂದಿನಾನೂ ನಾಬ್ ಮರೆತಿಲ್ಲ ಅಂತ ಎಲ್ಲರ ಹತ್ರ ವಾದ ಮಾಡ್ತಿದ್ದೆ,” ಎಂದರು. “ಆಮೇಲೆ ಟ್ಯೂಬ್ ಸರಿಯಾಗಿತ್ತು ಅಂತ ನೀವು ಹೇಳಿದ್ರಂತೆ. ನೀವು ಬಾಗಿಲಲ್ಲೇ ನಿಂತಿದ್ರಿ, ನಿಜ. ಆದ್ರೆ ತಿಳಿದೋರ ಕಣ್ಣಿಗೆ ಅಷ್ಟು ದೂರದಿಂದಲೂ ಗೊತ್ತಾಗುತ್ತೇನೋ. ಇಲ್ದಿದ್ರೆ ನೀವ್ಯಾಕೆ ಹಾಗೆ ಹೇಳ್ತೀರಾ? ನಾನೇ ಮರೆತಿರ್ಬೇಕು. ಅಲ್ವಾ?”

ತಂಗಿಯೂ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಕಡೆ ನೋಡಿದರು. ಹೇಳಬೇಕೆಂದು ಹೋದ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

ಹೌದು ಎಂಬಂತೆ ತಲೆಯಾಡಿಸಿದೆ.