ಅಟ್ಟದ ಕೆಳಗಿನ ಕೊಂಬಿನ ಗಿಟಾರು

ಸದ್ದೆಂದರೆ ಕಲ್ಲಮ್ಮನಿಗೆ ಪ್ರಾಣ. ಹೊನ್ನವಳ್ಳಿಗೆ ಬೋರ್‌ವೆಲ್ ಲಾರಿ ಬಂತೆಂದರೆ ಊರವರೆಲ್ಲ ಕಿವಿಗೆ ಟವೆಲ್ಲು ಸುತ್ತಿಕೊಂಡು ದೂರ ಸರಿದರೆ, ಇವಳು ಸೆರಗು ಸಿಕ್ಕಿಸಿಕೊಂಡು ಲಾರಿಯ ಪಕ್ಕಕ್ಕೇ ಹೋಗಿ ನಿಲ್ಲುವಳು. ನೀರು ಬಿತ್ತೋ ಇಲ್ಲವೋ ಅದು ಆಮೇಲಿನ ಮಾತು. ನೆಲದ ನಡುಕ ಅಂಗಾಲಿನಿಂದ ಹತ್ತಿ ಹಲ್ಲಿಗೆ ಮುಟ್ಟಬೇಕು, ಆಗ ಅವಳ ಮುಖ ನೋಡಬೇಕು! ಹಿಟ್ಟಿನ ಗಿರಣಿಗೆ ಹೋದರೆ ತನ್ನ ರಾಗಿ ಬೀಸಿಯಾದ ಮೇಲೂ ಅಲ್ಲೇ ನಿಂತಿರುವಳು. ಮದುವೆಯಾದ ಹೊಸದರಲ್ಲಿ ಗಂಡ ಮಹಾಂತೇಶ್, ಹೆಂಡತಿಗೆ ಕಿವಿ ಮಂದವೇನೋ ಎಂದು ತಿಪಟೂರಿನ ಡಾಕ್ಟರಿಗೆ ತೋರಿಸಿದ್ದೂ ಉಂಟು. ಸೊಳ್ಳೆ ಆಕಳಿಸಿದರೂ ಈಕೆಗೆ ಕೇಳಿಸುತ್ತದೆ ಎಂದು ಡಾಕ್ಟರು ನಕ್ಕು ಕಳಿಸಿದ್ದರು.

ಇಂಥ ಹೆಂಗಸಿನ ಮನೆಗೆ, ಅವಳ ನಲವತ್ತೆಂಟನೆಯ ವಯಸ್ಸಿನಲ್ಲಿ, ಒಂದು ಗಿಟಾರು ಬಂತು. ತಂದವಳು ಅಣ್ಣನ ಮಗಳು ನಿಸರ್ಗ. ತಿಪಟೂರಿನಲ್ಲಿ ರೂಮು ಮಾಡಿಕೊಂಡು ಕಾಲೇಜು ಓದುವ ಹುಡುಗಿ. "ಒಂದೋ ಆ ವಸ್ತು ಇರಬೇಕು, ಇಲ್ಲ ನಾವಿರಬೇಕು" ಎಂದು ಮನೆ ಓನರು ಪಟ್ಟು ಹಿಡಿದದ್ದರಿಂದ, ಬೆನ್ನಿಗೆ ಗಿಟಾರು, ಕಾಲ ಬಳಿ ಸ್ಪೀಕರ್ ಪೆಟ್ಟಿಗೆ ಇಟ್ಟುಕೊಂಡು ಸ್ಕೂಟಿಯಲ್ಲಿ ಅತ್ತೆಯ ಮನೆಗೆ ಬಂದಿಳಿದಿದ್ದಳು.

ಕರ್ರಗೆ ಮಿರಮಿರ ಮಿಂಚುವ ಗಿಟಾರು. ಹಳ್ಳಿಕಾರ್ ಹೋರಿಯ ಹಾಗೆ ಎರಡು ಚೂಪು ಕೊಂಬು.

"ಹೆವಿ ಮೆಟಲ್ ಅನ್ನೋ ಅಬ್ಬರದ ಸಂಗೀತಕ್ಕೇ ಅಂತ ಮಾಡಿರೋದು ಅತ್ತೆ ಇದು. ಮೆಲ್ಲಗೆ ನುಡಿಯೋದು ಇದಕ್ಕೆ ಬರಲ್ಲ."

"ನಂಗೂ ಬರಾಕಿಲ್ಲ ಬುಡು," ಎಂದು ಕಲ್ಲಮ್ಮ ಅದನ್ನು ಎತ್ತಿಕೊಂಡಳು. ಎತ್ತಿಕೊಂಡವಳೇ ಕಿವಿಯ ಹತ್ತಿರ ಹಿಡಿದು ಗಡಗಡ ಅಲ್ಲಾಡಿಸಿದಳು.

ಅದು ಕೊಬ್ಬರಿ ಸೀಮೆಯವರ ಕೈಗೆ ಅಂಟಿದ ಚಾಳಿ. ಅಟ್ಟದಲ್ಲಿ ವರ್ಷದ ಹತ್ತಿರ ಕೂತ ತೆಂಗಿನಕಾಯಿಯ ನೀರು ಇಂಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿತೆಂದರೆ, ಅಲ್ಲಾಡಿಸಿದಾಗ ಲೊಡಲೊಡ ಅನ್ನುತ್ತದೆ. ಆ ಸದ್ದು ಬಂದರೆ ಕೊಬ್ಬರಿ ಆಯಿತು, ಅಟ್ಟ ಇಳಿಸಬಹುದು, ಅಂದರೆ ಕಾಯಿಗಳನ್ನೆಲ್ಲ ಸುಲಿಯಲು ಕೆಳಗಿಳಿಸಬಹುದು. ಅಲ್ಲಾಡಿಸಿ ನೋಡದೆ ಇಲ್ಲಿಯವರು ಯಾವುದನ್ನೂ ನಂಬುವವರಲ್ಲ.

"ಒಳಗೆ ಏನೂ ಅಲ್ಲಾಡ್ತಿಲ್ವಲ್ಲೇ. ಇನ್ನೂ ಹಸಿ ಕಣೇ ಇದು!"

ನಿಸರ್ಗ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ವೈರು ಚುಚ್ಚಿ, ಸ್ಪೀಕರಿನ ತಿರುಪು ತಿರುಗಿಸಿ, "ಈಗ ಆ ದಪ್ಪ ತಂತಿ ಮೀಟಿ" ಎಂದಳು. ಕಲ್ಲಮ್ಮ ಮೀಟಿದಳು.

ಅಯ್ಯಯ್ಯೋ, ಏನು ಕೇಳುತ್ತೀರಿ! ಬೋರ್‌ವೆಲ್ ಲಾರಿಯೇ ಅಡುಗೆಮನೆಗೆ ನುಗ್ಗಿದ ಹಾಗಾಯಿತು. ಗೂಡಿನ ಲೋಟಗಳು ಕುಣಿದವು. ಹಿತ್ತಲಿನ ಎಮ್ಮೆ ಗೂಟ ಕಿತ್ತುಕೊಂಡು ತೋಟದ ಕಡೆ ಓಡಿತು. ಕಲ್ಲಮ್ಮನ ಕಣ್ಣಲ್ಲಿ ನೀರು, ಬಾಯ್ತುಂಬ ನಗು. ಇಷ್ಟು ವರ್ಷ ಊರೂರು ಹುಡುಕಿಕೊಂಡು ಹೋಗಿ ಕೇಳುತ್ತಿದ್ದ ಸದ್ದು ಈಗ ಅವಳ ಸ್ವಂತ ಬೆರಳ ತುದಿಯಲ್ಲಿತ್ತು.

ಜಗಲಿಯಿಂದ ಮಾವ ವೀರಭದ್ರಯ್ಯ ಎದ್ದು ಬಂದರು. ವಯಸ್ಸು ಎಂಬತ್ತರ ಹತ್ತಿರ. ಸುತ್ತೇಳು ಹಳ್ಳಿಯಲ್ಲಿ ಯಾರೇ ಅಟ್ಟ ಇಳಿಸಲಿ, ಮೊದಲ ಕಾಯಿ ಇವರ ಕಿವಿಯ ಹತ್ತಿರ ಅಲ್ಲಾಡಲೇಬೇಕು. ಅವರು "ಹ್ಞೂಂ" ಎಂದರೆ ಏಣಿ ಹಾಕುವುದು, "ಊಹ್ಞೂಂ" ಎಂದರೆ ಮನೆಗೆ ಹೋಗುವುದು. ಈಚೆಗೆ ಮಾತ್ರ ಅವರು ಟೀವಿಯ ಸೌಂಡನ್ನು ಬೀದಿಗೆ ಕೇಳುವಷ್ಟು ಇಡುತ್ತಿದ್ದರು, ಈಗಿನ ಜನ ಬಾಯೊಳಗೇ ಗೊಣಗುತ್ತಾರೆ ಎಂದು ಬೈಯುತ್ತಿದ್ದರು.

"ಮೇಲೆ ಅಟ್ಟದ ತುಂಬ ಕಾಯಿ ಐತೆ ಕಣವ್ವ," ಎಂದರು. "ಅಟ್ಟ ಕದಲಿದ್ರೆ ನೀರು ಇಂಗಾಕಿಲ್ಲ, ಕೊಳೀತದೆ. ಇಳಿಸೋ ದಿನ ನೋಡಾನ. ಕಾಯಿ ಕೆಟ್ಟಿತ್ತು ಅಂದ್ರೆ ಈ ಕೊಂಬಿಂದು ಈ ಮನೇಲಿ ಇರಕೂಡದು."

ಅಲ್ಲಿಂದ ಶುರುವಾಯಿತು ಕಳ್ಳಾಟ. ಮಾವ ತೋಟಕ್ಕೆ ಹೊರಟರೆ ಕಲ್ಲಮ್ಮ ವೈರು ಚುಚ್ಚುವಳು. ಮಹಾಂತೇಶ್ ಗೇಟಿನಲ್ಲಿ ಕಾವಲು. ಅಪ್ಪ ಬಂದರೆ ಕೆಮ್ಮುವುದೆಂದು ಮಾತಾಗಿತ್ತು, ಆದರೆ ಆ ಆರ್ಭಟದಲ್ಲಿ ಯಾರ ಕೆಮ್ಮು ಯಾರಿಗೆ ಕೇಳಬೇಕು? ಕೊನೆಗೆ ಅಪ್ಪ ಕಂಡ ಕೂಡಲೇ ಮೀಟರ್ ಬೋರ್ಡಿನ ಫ್ಯೂಸು ಕೀಳುವುದೆಂದು ತೀರ್ಮಾನವಾಯಿತು. ನಮ್ಮ ಕಡೆ ಕರೆಂಟು ಹೋಗುವುದಕ್ಕೆ ಮಾವನೇ ಬರಬೇಕೆಂದೇನೂ ಇಲ್ಲ. ದಿನಕ್ಕೆ ನಾಲ್ಕು ಸಲ ಕಲ್ಲಮ್ಮ ಸುಮ್ಮಸುಮ್ಮನೆ ಗಿಟಾರನ್ನು ರಾಗಿ ಮೂಟೆಯ ಹಿಂದೆ ಬಚ್ಚಿಟ್ಟು ಏದುಸಿರು ಬಿಡುವಳು.

ವಾರಕ್ಕೊಮ್ಮೆ ನಿಸರ್ಗ ಬಂದು ಪಾಠ ಹೇಳಿಕೊಡುವಳು. ಹೊಸಬರಿಗೆ ತಂತಿ ಬೆರಳನ್ನು ಕೊಯ್ಯುತ್ತದಂತೆ. ಕಾಯಿ ಸುಲಿದು ಸುಲಿದು ಜಡ್ಡುಗಟ್ಟಿದ ಬೆರಳು ಇವಳದು, ತಂತಿಯೇ ಹೆದರಬೇಕು. ಅಂಗೈ ಅಂಚನ್ನು ತಂತಿಯ ಮೇಲೆ ಒತ್ತಿ ಸದ್ದನ್ನು ಗುದ್ದಿನ ಹಾಗೆ ಗಿಡ್ಡ ಮಾಡುವುದನ್ನು ಒಂದೇ ಸಂಜೆಗೆ ಕಲಿತಳು. ರೊಟ್ಟಿ ತಟ್ಟುವಾಗಲೂ ಅದೇ ತಾಳ, ಧಡ್-ಧಡ್-ಧಡ್. ರೊಟ್ಟಿ ತೆಳ್ಳಗೆ ಬರುತ್ತಿದ್ದವು ಎಂದು ಮಹಾಂತೇಶ್ ಇವತ್ತಿಗೂ ಹೇಳುತ್ತಾನೆ. ಇಷ್ಟಾದರೂ ಮಲಗುವಾಗ ಒಂದು ಅಳುಕು. ಕಾಯಿ ನಿಜವಾಗಿ ಕೊಳೆತರೆ? ಗಿಟಾರು ಹೋದರೆ ತನ್ನ ಜೀವವೇ ಹೋದ ಹಾಗೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಅಟ್ಟ ಇಳಿಸುವ ದಿನ ಬಂತು. ಸುಲಿಯಲು ಕಿಬ್ಬನಹಳ್ಳಿಯಿಂದ ಭೀಮರಾಜು ತನ್ನ ಆಳುಗಳೊಡನೆ ಬಂದಿದ್ದ. ನಿಸರ್ಗ ಕಾಲೇಜಿಗೆ ಚಕ್ಕರ್ ಹೊಡೆದು ಬಂದಿದ್ದಳು. ಭೀಮರಾಜು ಏಣಿ ಹತ್ತಿ ಮೊದಲ ಕಾಯಿಯನ್ನು ಇಳಿಸಿ ಕೊಟ್ಟ. ವೀರಭದ್ರಯ್ಯ ಕಣ್ಣು ಮುಚ್ಚಿ ಅಲ್ಲಾಡಿಸಿದರು.

ಲೊಡಲೊಡ. ಒಲೆಯ ಮುಂದೆ ನಿಂತಿದ್ದ ಕಲ್ಲಮ್ಮನಿಗೆ ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಸದ್ಯ, ಬದುಕಿಕೊಂಡೆ ಎಂದುಕೊಂಡಳು.

ಮಾವ ಹುಬ್ಬು ಗಂಟಿಕ್ಕಿ ಇನ್ನೊಂದು ಕಿವಿಗೆ ಹಿಡಿದು ಅಲ್ಲಾಡಿಸಿದರು. ಮತ್ತೂ ಲೊಡಲೊಡ. ಇನ್ನೊಂದು ಕಾಯಿ ತರಿಸಿದರು, ಮತ್ತೊಂದು. ಕಡೆಗೆ ಅವನ್ನೆಲ್ಲ ನೆಲಕ್ಕಿಟ್ಟು, "ಒಂದೂ ಆಗಿಲ್ಲ. ಕೆಟ್ಟೋಗವೆ. ನಾನು ಹೇಳಿರ್ಲಿಲ್ವಾ?" ಎಂದರು.

ಭೀಮರಾಜು ಬಾಯಿ ತೆರೆದು ಹಾಗೇ ಮುಚ್ಚಿದ. ಮಹಾಂತೇಶ್ ತನ್ನ ಕಾಲಿನ ಹೆಬ್ಬೆರಳನ್ನು ನೋಡಿಕೊಂಡ. ಕಲ್ಲಮ್ಮನಿಗೆ ಟೀವಿಯ ಸೌಂಡು, ಜನರ ಗೊಣಗಾಟ ಎಲ್ಲ ಒಟ್ಟಿಗೇ ನೆನಪಾಯಿತು. ಕಾಯಿ ನುಡಿಯುತ್ತಿದೆ, ಮಾವನ ಕಿವಿ ಹೋಗಿದೆ. 'ನಂಗೆ ಕೇಳಿಸ್ತು ಮಾವ' ಎಂದರೆ ಸಾಕು, ಗಿಟಾರು ಉಳಿಯುತ್ತದೆ. ಆದರೆ ಕಿವಿಯಿಂದಲೇ ಹೆಸರಾದ ಮನುಷ್ಯ ಇಷ್ಟು ಜನರ ಮುಂದೆ ಏನಾಗಿಬಿಡುತ್ತಾರೆ!

"ಆಯ್ತು ಮಾವ, ಇವತ್ತೇ ಕಳಿಸ್ಬುಡ್ತೀನಿ," ಎಂದಳು. "ಕಡೇ ಸಲ ಒಂದೇ ಒಂದು ಮೀಟ್ಲಾ?"

ಅವರು ಏಣಿ ಹಿಡಿದುಕೊಂಡೇ ಆಗಲಿ ಎಂದು ತಲೆಯಾಡಿಸಿದರು.

ಅಟ್ಟದ ಕೆಳಗೆ ಸರಿಯಾಗಿ ಪೆಟ್ಟಿಗೆ ಇಟ್ಟಳು. ಇದುವರೆಗೆ ಅರ್ಧ ದಾಟಿಸದ ತಿರುಪನ್ನು ಕೊನೆಯವರೆಗೂ ತಿರುಗಿಸಿದಳು. ನಿಸರ್ಗ ಎರಡೂ ಕಿವಿ ಮುಚ್ಚಿಕೊಂಡಳು. ಕಲ್ಲಮ್ಮ ದಪ್ಪ ತಂತಿಯನ್ನು ಒಮ್ಮೆ ಮೀಟಿದಳು.

ಮನೆ ಗುಡುಗಿತು. ಅದರ ಬೆನ್ನಿಗೇ ಅಟ್ಟ ಉತ್ತರ ಕೊಟ್ಟಿತು. ಮೇಲಿದ್ದ ಅಷ್ಟೂ ಕಾಯಿಗಳ ಒಳಗೆ ಅಷ್ಟೂ ಕೊಬ್ಬರಿ ಕುಣಿದು, ಲೊಡಲೊಡಲೊಡ ಎಂದು ಮಳೆಯ ಹಾಗೆ ಸುರಿಯಿತು. ಜಂತೆಯ ಧೂಳು ಎಲ್ಲರ ತಲೆಗೂ ಬಿತ್ತು. ಭೀಮರಾಜು "ಯವ್ವಾ!" ಎಂದು ಕೂತುಬಿಟ್ಟ. ವೀರಭದ್ರಯ್ಯ ಅದುರುವ ಏಣಿಗೆ ಅಂಗೈ ಒತ್ತಿ, ಬಾಯಿ ತೆರೆದು ಮೇಲೆ ನೋಡುತ್ತಿದ್ದರು. ಮುಖ ಮೆಲ್ಲಗೆ ಅರಳಿತು.

"ಆಗೈತೆ!" ಎಂದು ಕೂಗಿದರು. "ಅಟ್ಟಕ್ಕೆ ಅಟ್ಟವೇ ಆಗೈತೆ ಕಣ್ರಲಾ! ಇಳಿಸ್ರೋ!"

ಮಧ್ಯಾಹ್ನ ಆಳುಗಳೆಲ್ಲ ಊಟಕ್ಕೆ ಕೂತಾಗ ಅವರು ಒಲೆಯ ಹತ್ತಿರ ಬಂದರು. "ಮೊದಲ್ನೇ ಕಾಯಿನೇ ನಿಂಗೆ ಕೇಳಿಸಿತ್ತು, ಅಲ್ವೇನವ್ವ?"

"ಇಲ್ಲ ಮಾವ," ಎಂದಳು ಕಲ್ಲಮ್ಮ. ಅವರಿಗೆ ಕೇಳಲೆಂದು ಜೋರಾಗಿಯೇ ಹೇಳಿದಳು. "ನಂಗೂ ಕೇಳಿಸ್ಲಿಲ್ಲ."

ಮುದುಕರು ಅವಳನ್ನು ನೋಡಿ ನಕ್ಕರು. ಗೋಡೆಗೆ ಒರಗಿದ್ದ ಗಿಟಾರನ್ನು ತಾವೇ ಎತ್ತಿ ಅವಳ ಕೈಗಿಟ್ಟು, ಸ್ಪೀಕರ್ ಪೆಟ್ಟಿಗೆಯ ಮೇಲೆ ಅಂಗೈ ಊರಿ ಕೂತರು.

"ಸುಳ್ಳಿ. ಇನ್ನೊಂದ್ಸಲ ಮೀಟು."