ಖಾಲಿ ಸಾಲಿನ ಮ್ಯಾಲ ಐದು–ಸೊನ್ನಿ

1981ರ ಮಾತು. ಆಗ ನಾ ಶಹಾಬಾದದಾಗ ಸಿದ್ದಪ್ಪ ಕಾಕಾನ ಕಲ್ಲಿನ ಅಂಗಳದಾಗ ಅಕ್ಷರ ಕೆತ್ತೋ ಹುದ್ದೆ ಮ್ಯಾಲಿದ್ದೆ. ವಯಸ್ಸು ಹದಿನೇಳು. ಈಗ ಹದಿನೆಂಟು ನಡದದ, ಅಂದ್ರ ವೃತ್ತಿ ಅನುಭವ ಬರಿಯೋ ವಯಸ್ಸು ಬಂತು ಅಂತ ನಾನೇ ಠರಾವು ಮಾಡ್ಕೊಂಡೀನಿ. ಆ ಅಂಗಳದಾಗ ನನಗಿಂತ ದೊಡ್ಡ ಕೆತ್ತನಿಗಾರ ಯಾರೂ ಇರಲಿಲ್ಲ. ಸಣ್ಣಂವನೂ ಇರಲಿಲ್ಲ. ಇದ್ದಂವ ನಾ ಒಬ್ಬನೇ.

ನಮ್ಮ ಕಡಿ ಕಲ್ಲಿಗಿ ಫರ್ಸಿ ಅಂತಾರ. ನೆಲಕ್ಕ ಫರ್ಸಿ, ಮಾಳಿಗಿಗಿ ಫರ್ಸಿ, ಹೊಲದ ಬೇಲಿಗಿ ಫರ್ಸಿ, ಸತ್ತ ಮ್ಯಾಲ ತಲಿಕಡಿ ನಿಂದ್ರಸಲಿಕ್ಕೂ ಫರ್ಸಿ. ಅದರ ಮ್ಯಾಲ ಮೊದಲು ಸೀಮಿಸುಣ್ಣದ ಖಡುಲೆ ಗೆರಿ ಹಾಕಬೇಕು, ಅಕ್ಷರ ಎಣಿಸಿ ಜಾಗಾ ಹಂಚಬೇಕು, ಆಮ್ಯಾಲ ಉಳಿ ಹಿಡೀಬೇಕು. ಕಾಗದದ ತಪ್ಪಿಗಿ ರಬ್ಬರ್ ಅದ. ಕಲ್ಲಿನ ತಪ್ಪಿಗಿ ಕಾಕಾನ ಕೈ ಅದ, ಅದು ಸೀದಾ ಕಪಾಳಕ್ಕ ಬರ್ತದ.

ಕಾಕಾನ ಕಿವಿ ಮಾತ್ರ ನಲವತ್ತು ವರ್ಷ ಸುತ್ತಿಗಿ ಸಪ್ಪಳ ಕೇಳಿ ಕೇಳಿ ರಾಜೀನಾಮೆ ಕೊಟ್ಟಿದ್ವು. ಹಂಗಾಗಿ ಮುಂಜಾನಿಂದ ಸಂಜಿ ತನಕ ನನ್ನ ಮಾತು ಕೇಳೋರು ಅಂದ್ರ ಗ್ವಾಡಿಗಿ ಆನಿಸಿಟ್ಟ ಗೋರಿ ಕಲ್ಲುಗಳೇ. ಕಾಗಿಣಾ ಹೊಳಿ ಒಂದೇ ಉಸಿರಿನಾಗ ಈಸಿದ್ದು, ಮೊಸಳಿಗಿ ಬೈದು ಕಳಿಸಿದ್ದು, ಎಲ್ಲಾ ಅವಕ್ಕೇ ಹೇಳ್ತಿದ್ದೆ. ಭಾಳ ಚಲೋ ಕೇಳ್ತಿದ್ವು. ನಡುವ ಬಾಯಿ ಹಾಕ್ತಿರಲಿಲ್ಲ. ‘ಸುಳ್ಳು ಹೇಳಬ್ಯಾಡಲೇ’ ಅನ್ನಲಿಕ್ಕೂ ಒಬ್ಬರಿಲ್ಲದಿದ್ರ ಮನಷ್ಯಾಗ ಸುಳ್ಳಿನ ರುಚೀನೂ ಹತ್ತಂಗಿಲ್ಲ.

ಕಾಕಾ ನನಗ ಕಲಿಸಿದ ಮೊದಲ ಕಾನೂನು ಒಂದಿತ್ತು: ಕಲ್ಲಿನ ಮ್ಯಾಲ ಗೆರಿ ಹಾಕಿ ಸಾಲು ಖಾಲಿ ಬಿಡಬಾರದು. ಖಾಲಿ ಸಾಲು ಹೆಸರು ಕರೀತದಂತ. ಆ ಮನಿಯಾಗ ಇನ್ನೊಬ್ಬರು ಹೋಗ್ತಾರಂತ. ಜಾಗಾ ಉಳಿದ್ರ ಹೂವರೆ ಕೆತ್ತು, ಬಳ್ಳಿಯರೆ ಕೆತ್ತು, ಖಾಲಿ ಮಾತ್ರ ಬಿಡಬ್ಯಾಡ. ಈ ಕಾನೂನೇ ನನಗ ಹಳ್ಳಕ್ಕ ಹಾಕ್ತು.

ಮೊದಲ ಮಳಿ ಬಿದ್ದು ವಾರ ಆಗಿತ್ತು. ಚಾಂದ್ ಚಾಚಾ ನಮ್ಮ ಅಂಗಳಕ್ಕ ಬಂದ. ವಾಡಿ ಜಂಕ್ಷನ್ನಿನಾಗ ರೈಲ್ವೆ ಪಾಯಿಂಟ್ಸ್‌ಮನ್ ಆಗಿದ್ದು ರಿಟೈರ್ ಆದಂವ. ರೈಲು ಯಾವ ಹಳಿ ಮ್ಯಾಲ ಹೋಗಬೇಕು ಅಂತ ಹಳಿ ಕೂಡಸೋ ಕೆಲಸಕ್ಕ ಹಂಗಂತಾರ. ಅಂವನ ಕೈ ನೋಡಿ ನಾ ಗಾಬರಿ ಆದೆ. ಒಂದೊಂದು ಬೆರಳು ಒಂದೊಂದು ದಿಕ್ಕಿಗಿ ಮಾರಿ ಮಾಡಿದ್ವು.

“ಗೋಲ್‌ಕೀಪರ್ ಕೈ ಬೇಟಾ,” ಅಂದ. “ರೈಲ್ವೆ ಟೀಮಿಗಿ ಹತ್ತೊಂಬತ್ತು ವರ್ಷ ನಿಂತೀನಿ.”

ಒಂದು ಚೀಟಿ ಕೊಟ್ಟ. ಅದರಾಗ ಬರೀ ಅಂಕಿ. 1956: 4–3. 1957: 2–0. 1958: 3–2. 1959: 2–0. 1960: 7–3. 1966: 2–1. ಹೆಸರಿಲ್ಲ, ದೇವರ ಚಿತ್ರ ಇಲ್ಲ, ಏನೂ ಇಲ್ಲ.

“ಚಾಚಾ, ಇವು ಯಾರು ಸತ್ತ ವರ್ಷ?”

“ತೌಬಾ! ಗೆದ್ದ ವರ್ಷ ಇವು. ಸ್ಪೇನ್ ದೇಶದ ಒಂದು ಫುಟ್‌ಬಾಲ್ ಕ್ಲಬ್ಬು ಯುರೋಪ್ ಕಪ್ ಗೆದ್ದ ವರ್ಷ. ಬಾಜೂಕಿನವು ಫೈನಲ್ಲಿನ ಗೋಲು. ಏಳು ಸಾಲಿನ ಗೆರಿ ಹಾಕು. ಆರು ಕೆತ್ತು. ಏಳನೇದು ಖಾಲಿ ಬಿಡು, ಮುಂದಿನ ಕಪ್ಪಿಗಿ.”

“ಕ್ಲಬ್ಬಿನ ಹೆಸರು?”

“ಬ್ಯಾಡ. ಓದಬೇಕಾದಂವಗ ಹೆಸರಿನ ಜರೂರತ್ ಇಲ್ಲ.”

ಚಹಾ ತರಸಿ ಕೇಳಿದೆ, ಚಾಚಾ ಹೇಳ್ದ. ಯುರೋಪ್ ಕಪ್ ಅಂದ್ರ ಒಂದೊಂದು ದೇಶದಾಗ ಗೆದ್ದ ಕ್ಲಬ್ಬುಗಳೆಲ್ಲಾ ಕೂಡಿ ಆಡೋ ಪಂದ್ಯಾವಳಿ. ಮೊದಲನೇ ಫೈನಲ್ ಆದದ್ದು 1956ರಾಗ. ನಾವು ಹೈದರಾಬಾದ್ ಬಿಟ್ಟು ಮೈಸೂರಿಗಿ ಸೇರಿದ್ದೂ ಅದೇ ವರ್ಷ. “ನಾವು ರಾಜ್ಯ ಬದಲಿ ಮಾಡಿದಿವಿ, ಅವರು ಸತತ ಐದು ವರ್ಷ ಕಪ್ ಬದಲಿ ಆಗಲಿಕ್ಕೇ ಬಿಡಲಿಲ್ಲ,” ಅಂತ ಚಾಚಾ ನಕ್ಕ.

ಈ ಹುಚ್ಚಿನಾಗ ಅಂವಗ ಒಬ್ಬ ಜೋಡಿ ಇದ್ದ. ಆಚಾರ್ಯ ಮಾಸ್ತರು, ವಾಡಿ ಸಾಲಿಯಾಗ ಗಣಿತ ಕಲಸ್ತಿದ್ರು. ರೇಡಿಯೋ ಚಾಚಾಂದು, ಇಂಗ್ಲಿಷ್ ಮಾಸ್ತರಂದು, ಲೆಕ್ಕ ಬರಿಯೋ ವಹಿ ಇಬ್ಬರದೂ. ರೇಡಿಯೋದಾಗ ಕೇಳಿದ್ದು ಪೆನ್ಸಿಲ್ಲಿನಾಗ ಬರಿಯೋದು. ಮೇಲ್ ಗಾಡಿಗಿ ಪೇಪರ್ ಬಂದು ಎರಡರ ಅಂಕಿ ಕೂಡಿ ತಾಳಿ ಆದ್ರ ಅದರ ಮ್ಯಾಲ ಶಾಯಿ ಓಡಸೋದು. ಯಾರು ಎಷ್ಟು ಗೋಲ್ ಹೊಡದ್ರು, ಯಾವ ಫೈನಲ್ ಸೋತ್ರು, ಎಲ್ಲಾ. ಚಾಚಾನ ಮನಿ ಕಟ್ಟಿ ಮ್ಯಾಲ ಕುಂತು ಹಿಂಗ ವರ್ಷಾನುಗಟ್ಟಲೆ ನಡೀತು.

ಏಳು ವರ್ಷದ ಹಿಂದ ಮಾಸ್ತರು ರಿಟೈರ್ ಆದ್ರು. 1966 ಆದ ಮ್ಯಾಲ ಕಪ್ ಬಂದಿರಲಿಲ್ಲ. ಊರು ಬಿಡೋ ದಿನ ವಹಿ ತಗದು, ಕಡೀ ಸಾಲಿನ ಕೆಳಗ ಕೆಂಪು ಶಾಯಿಲೆ ಎರಡು ಗೆರಿ ಎಳದ್ರು. ಗಣಿತದವರು ಲೆಕ್ಕ ಮುಗದ ಮ್ಯಾಲ ಎಳೀತಾರಲ್ಲ, ಹಂಗ. “ಇನ್ನ ಇವರ ಕಾಲ ಮುಗೀತು ಚಾಂದ್,” ಅಂದ್ರಂತ. ಚಾಚಾ ಸಿಟ್ಟಿಗೆದ್ದು, “ನಿಂದೂ ನಂದೂ ಸೈತ ಮುಗೀತು ಹೋಗು,” ಅಂದನಂತ. ಮಾಸ್ತರು ವಹಿ ಚೀಲದಾಗ ಹಾಕ್ಕೊಂಡು ತಮ್ಮ ಊರು ಕೊಡ್ಲಿಗಿ ಹೋದ್ರು. ಒಂದು ಕಾಗದ ಇಲ್ಲ, ಒಂದು ಮಾತಿಲ್ಲ.

“ಅವಾಗಿಂದ ರೇಡಿಯೋ ಗೋಲ್ ಅಂತದ, ನಾ ಬಾಜೂಕ ಹೊಳ್ಳಿ ನೋಡ್ತೀನಿ, ಅಲ್ಲಿ ನೀರಿನ ಕೊಡ ಇರ್ತದ,” ಅಂದ ಚಾಚಾ. “ಮಾಸ್ತರಗ ಶುಕ್ರವಾರ ವಹಿ ತಗೊಂಡು ಬಾ, ಆರು ಸಾಲು ತಾಳಿ ಮಾಡು ಅಂತ ಕಾರ್ಡ್ ಹಾಕೀನಿ. ಒಂದು ಅಂಕಿ ತಪ್ಪಿದ್ರೂ ಆ ಮನಷ್ಯಾ ಚಪ್ಪಲಿ ಮೆಟ್ಟಿ ಹೊಳ್ಳಿ ಹೋಗ್ತಾನ, ನೆಪ್ಪಿಟ್ಟುಕೋ. ಹದಿನೈದು ವರ್ಷದ ಮ್ಯಾಲ ಈ ಸಲ ಫೈನಲ್‌ಗಿ ಬಂದಿದ್ರು…”

ಇಲ್ಲಿ ಚಾಚಾನ ದನಿ ತಗ್ಗಿತು. ಇನ್ನೊಂದು ಮಾತು ಬರಬೇಕಿತ್ತು. ಅಷ್ಟರಾಗ ನಾ ಬಾಯಿ ಹಾಕಿದೆ. ರಾವೂರ ಖಣಿ ಹುಡುಗರ ಜೋಡಿ ಆಡಿದಾಗ ನಾ ಒಂದೇ ಆಟದಾಗ ಹನ್ನೊಂದು ಗೋಲ್ ಹೊಡದದ್ದು, ಚೆಂಡು ಹರದದ್ದು, ಗೋಲ್‌ಕೀಪರ್ ಹೆದರಿ ಸೊಲ್ಲಾಪುರಕ್ಕ ಓಡಿ ಹೋಗಿದ್ದು, ಎಲ್ಲಾ ಹೇಳಿದೆ. ಭಾಳ ದಿನದ ಮ್ಯಾಲ ಕಿವಿ ಇದ್ದ ಮನಷ್ಯಾ ಸಿಕ್ಕಿದ್ದ. ಚಾಚಾ ತಂದು ಉಳಿದ ಮಾತು ಚಹಾದ ಜೋಡಿ ನುಂಗಿ ಎದ್ದು ಹೋದ.

ಮೂರು ದಿನ ಕೆತ್ತಿದೆ. ಆರು ಸಾಲು ಮುತ್ತಿನಂಗ ಬಂದ್ವು. ಏಳನೇ ಗೆರಿ ಖಾಲಿ ಕುಂತು ನನ್ನ ಮಾರಿ ನೋಡ್ಲಿಕತ್ತಿತು. ಮನಿಯಾಗ ಇರೋದು ಚಾಚಾ ಒಬ್ಬನೇ. ಖಾಲಿ ಸಾಲು ಹೆಸರು ಕರದ್ರ ಯಾರ ಹೆಸರು ಕರೀಬೇಕು? ಹೂವು ಕೆತ್ತಿದ್ರೆ ಮುಗೀತಿತ್ತು. ಆದ್ರ ನನ್ನಂಥ ದೊಡ್ಡ ಕಲಾವಿದ ಹೂವಿಗಿ ನಿಂದ್ರತಾನೇನು? ಈ ಸಲ ಫೈನಲ್‌ಗಿ ಬಂದಿದ್ರು ಅಂದಾನ. ಬಂದಾರಂದ್ರ ಗೆದ್ದೇ ಗೆದ್ದಿರ್ತಾರ. ಕೆತ್ತಿದೆ: 1981. ಗೋಲು ಎಷ್ಟು? ನನ್ನ ಕಡಿಂದ ಉಡುಗೊರಿ ಇರ್ಲಿ ಅಂತ ಕೈ ಬಿಚ್ಚಿ ಕೊಟ್ಟೆ: 5–0.

ಶುಕ್ರವಾರ ಫರ್ಸಿಗಿ ಗೋಣಿ ತಟ್ಟು ಸುತ್ತಿ, ಬಂಡಿ ಮ್ಯಾಲ ಹಾಕಿ ವಾಡಿಗಿ ಒಯ್ದೆ. ಚಾಚಾ ಕಟ್ಟಿ ನಡುವ ಜಾಗಾ ಅಗದು ಇಟ್ಟಿದ್ದ. ಈ ಕಡಿ ಒಬ್ಬರು, ಆ ಕಡಿ ಒಬ್ಬರು ಕುಂದ್ರಬೇಕು, ನಡುವ ಚಪ್ಪಟಿ ಮಲಗಿಸಿದ ಕಲ್ಲು. ಕೂಡಿಸಿದ ಮ್ಯಾಲ ತಟ್ಟು ತಗೀಲಿಕ್ಕೆ ಹೋದೆ. “ಬ್ಯಾಡ. ಮೊದ್ಲು ಅಂವ ನೋಡ್ಲಿ,” ಅಂದ. ಗಡ್ಡಕ್ಕ ಅತ್ತರ್ ಹಚ್ಚಿದ್ದ. ಬಂಡಿ ಹೊಳ್ಳಿ ಹೋತು, ನಾ ಬಕ್ಷೀಸಿನ ಆಸೆಗಿ ಉಳದೆ.

ಕೊಡ್ಲಿಯಿಂದ ಬಸ್ಸು, ಸೇಡಮದಿಂದ ಪ್ಯಾಸೆಂಜರ್ ಗಾಡಿ, ಹಿಂಗ ಮಾಡಿ ಮಧ್ಯಾಹ್ನ ಮಾಸ್ತರು ಬಂದ್ರು. ಧೋತರ, ಕರಿ ಟೊಪಿಗಿ, ಹಣಿ ಮ್ಯಾಲ ಸೀದಾ ನಾಮ, ಬಗಲಾಗ ಚೀಲ, ಕೈಯಾಗ ಮಡಚಿದ ಕೊಡಿ. ಕೊಡಿ ಎಷ್ಟು ತೆಳ್ಳಗಿತ್ತೋ ಅವರೂ ಅಷ್ಟೇ ತೆಳ್ಳಗಿದ್ರು.

“ಬಂದ್ಯಲ್ಲಾ ಮಾಸ್ತರ,” ಅಂದ ಚಾಚಾ.

“ತಾಳಿ ಮಾಡ್ಲಿಕ್ಕ ಬಂದೀನಿ. ನಾಕರ ಗಾಡಿಗಿ ಹೋಗ್ತೀನಿ,” ಅಂದ್ರು ಮಾಸ್ತರು. ನಗಲಿಲ್ಲ. ಕುಂದ್ರಲಿಲ್ಲ.

ನಾ ಜಾದೂಗಾರನಂಗ ತಟ್ಟು ಎಳದೆ. ಮಾಸ್ತರು ಬಗ್ಗಿ ಒಂದೊಂದು ಸಾಲಿನ ಮ್ಯಾಲ ಬೆರಳಾಡಿಸಿದ್ರು. ಐವತ್ತಾರು, ಹೂಂ. ಐವತ್ತೇಳು, ಹೂಂ. 7–3ಕ್ಕ ಬಂದಾಗ ಮಾರಿ ಸ್ವಲ್ಪ ಸಡ್ಲ ಆತು. “ಒಬ್ಬ ನಾಕು ಗೋಲು, ಒಬ್ಬ ಮೂರು,” ಅಂತ ತಮ್ಮಷ್ಟಕ್ಕ ಅಂದ್ರು. ಆಮ್ಯಾಲ ಬೆರಳು ಏಳನೇ ಸಾಲಿಗಿ ಬಂತು.

“ಎಂಬತ್ತೊಂದು? ಐದು–ಸೊನ್ನಿ?” ಮಾಸ್ತರು ನೆಟ್ಟಗಾದ್ರು. “ಪ್ಯಾರಿಸ್ಸಿನಾಗ ಒಂದು–ಸೊನ್ನಿ ಸೋತಾರಲ್ಲೋ! ನನ್ನ ಗೆರಿ ಸುಳ್ಳು ಮಾಡಲಿಕ್ಕ ಕಲ್ಲಿನ ಮ್ಯಾಲ ಸುಳ್ಳು ಬರಸ್ದೇನು ಚಾಂದ್? ಇದಕ್ಕ ಕರದೇನು?”

ಚಾಚಾ ಬಗ್ಗಿ ನೋಡ್ದ. ಹತ್ತೊಂಬತ್ತು ವರ್ಷ ನಿಂತ ಗೋಲ್‌ಕೀಪರ್ ಕಾಲ ನಡುವ ಚೆಂಡು ಬಿಟ್ಟಾಗ ಹ್ಯಾಂಗ ನಿಂದ್ರತಾನೋ ಹಂಗ ನಿಂತಿದ್ದ.

“ನಾ ಕೆತ್ತಿದ್ದು ಸರ!” ಅಂದೆ. “ಚಾಚಾ ಖಾಲಿ ಬಿಡು ಅಂದಿದ್ದ. ಖಾಲಿ ಬಿಟ್ರ ಅಂವ ಸಾಯ್ತಾನ ಅಂತ ನಾನೇ ತುಂಬಿದೆ.” ನನ್ನ ಜನ್ಮದಾಗ ಬಣ್ಣ ಹಚ್ಚಲಾರದ ಮಾತು ಅದೊಂದೇ. ಅದೇ ಭಾಳ ಸುಳ್ಳಿನಂಗ ಕೇಳಸ್ತು.

“ಹುಡುಗನ ಮ್ಯಾಲ ಹಾಕಬ್ಯಾಡ ಚಾಂದ್. ಇಲ್ಲಿ ನೋಡು,” ಅಂತ ಮಾಸ್ತರು ಚೀಲದಿಂದ ವಹಿ ತಗದ್ರು. ರಟ್ಟು ಹರದಿತ್ತು. ಸಿಟ್ಟಿನಾಗ ಹಾಳಿ ಸರಸರ ಸರಸಿ, ಬೆರಳಿಟ್ಟು ತೋರಿಸಿದ್ರು. “ಎಂಬತ್ತೊಂದು. ಒಂದು–ಸೊನ್ನಿ. ಸೋಲು. ಶಾಯಿಯಾಗ ಅದ!”

ಚಾಚಾ ಆ ಅಂಕಿ ನೋಡ್ಲೇ ಇಲ್ಲ. ಅಂವ ಹಾಳಿ ನೋಡ್ದ. ಮ್ಯಾಲ ಎರಡು ಕೆಂಪು ಗೆರಿ ಇದ್ವು. ಅದರ ಕೆಳಗ ಸಾಲಿನ ಮ್ಯಾಲ ಸಾಲು, ಸಣ್ಣ ಅಕ್ಷರದಾಗ, ಏಳು ವರ್ಷದ ಆಟ ಎಲ್ಲಾ ಇದ್ವು.

“ಮಾಸ್ತರ,” ಅಂದ ಚಾಚಾ ಮೆತ್ತಗ, “ಗೆರಿ ಎಳದ ಮ್ಯಾಲೂ ಬರೀಲಿಕತ್ತೀ?”

ಮಾಸ್ತರು ವಹಿ ಟಪ್ ಅಂತ ಮುಚ್ಚಿದ್ರು. ತಡ ಆಗಿತ್ತು. “ರೂಢಿ,” ಅಂದ್ರು.

“ರೇಡಿಯೋ?”

“ತಗೊಂಡೆ.”

“ಯಾರ ಜೋಡಿ ಕೇಳ್ತಿ?”

ಮಾಸ್ತರು ಟೊಪಿಗಿ ತಗದು ಧೂಳು ಇಲ್ಲದಿದ್ರೂ ಝಾಡಿಸಿದ್ರು. ಆಮ್ಯಾಲ ಕಲ್ಲಿನ ಕಡಿ ನೋಡಿ, “ಐದು–ಸೊನ್ನಿ ಹುಡುಗಂದೇ ಸುಳ್ಳು ಬಿಡು. ನೀ ಸುಳ್ಳು ಹೇಳಿದ್ರ ಒಂದು–ಸೊನ್ನಿ ಅಂತಿದ್ದಿ. ಗೋಲ್‌ಕೀಪರ್ ಆದಂವ ಇನ್ನೊಬ್ಬ ಗೋಲ್‌ಕೀಪರಗ ಐದು ಗೋಲು ತಿನ್ನಿಸೋ ಸುಳ್ಳು ಹೇಳಂಗಿಲ್ಲ,” ಅಂದ್ರು. ನನ್ನ ಕಡಿ ಹೊಳ್ಳಿ, “ಏ ಶಿಲ್ಪಿ, ಇದು ತಗೀಲಿಕ್ಕ ಎಷ್ಟೊತ್ತು ಬೇಕೋ? ಖರೆ ಮಾಡೇ ಹೋಗ್ತೀನಿ. ನಾಕರೊಳಗ ಆಗ್ತದೇನು?”

ಕೆತ್ತಿದ ಸಾಲು ತಗೀಬೇಕಂದ್ರ ಅಕ್ಷರದ ಆಳದ ತನಕ ಕಲ್ಲಿನ ಮಾರಿ ಕೆರದು ಇಳಿಸಬೇಕು. ಖರೆ ಅಂದ್ರ ಒಂದು ತಾಸಿನ ಕೆಲಸ. ಆಗ ಎರಡು ಹೊಡದಿತ್ತು. ನಾ ಗಂಭೀರ ಮಾರಿ ಮಾಡಿ, “ನೋಡ್ತೀನ್ರಿ,” ಅಂದೆ.

ನನ್ನ ವೃತ್ತಿ ಜೀವನದಾಗ ಅಷ್ಟು ಕೆಟ್ಟ ಕೆಲಸ ನಾ ಎಂದೂ ಮಾಡಿಲ್ಲ. ಉಳಿ ಮಸೆದೆ. ಮಸೆದ ಉಳಿ ಮತ್ತೊಮ್ಮೆ ಮಸೆದೆ. ಸುತ್ತಿಗಿ ಹಿಡಿಕಿ ಸಡ್ಲ ಆಗ್ಯದ ಅಂತ ಬೆಣಿ ಹುಡುಕಲಿಕ್ಕ ಹೋದೆ. ಒಂದು ಏಟು ಹಾಕಿ ನೀರು ಕುಡದೆ, ಇನ್ನೊಂದು ಹಾಕಿ ಕಣ್ಣಾಗ ಕಲ್ಲು ಸಿಡೀತು ಅಂತ ಒದ್ದಾಡಿದೆ. ಹೊಳಿ, ಮೊಸಳಿ, ಹನ್ನೊಂದು ಗೋಲು, ಇಷ್ಟು ವರ್ಷ ಎಳದೆಳದು ರೂಢಿ ಆದ ಕೈ ಅದು, ಒಂದು ತಾಸಿನ ಕೆಲಸ ನಾಕರ ಗಾಡಿ ಹೋಗೋತನಕ ಎಳಿಯೋದು ಏನು ದೊಡ್ಡದು?

ನಿಂತು ನಿಂತು ಕಾಲು ಸೋತು ಮಾಸ್ತರು ಆ ಕಡಿ ಕುಂತ್ರು. ಚಾಚಾ ಈ ಕಡಿ ಕುಂತ. ಮೊದಲು ಇಬ್ಬರೂ ನನ್ನ ಬೈದ್ರು. ಆಮ್ಯಾಲ ನನ್ನ ತಲಿ ಮ್ಯಾಲಿಂದ ಒಂದೊಂದು ಮಾತು ದಾಟಿತು. ಅರವತ್ತೆರಡರ ಫೈನಲ್ ಸೋತದ್ದು ಯಾಕ, ಅರವತ್ನಾಕರಾಗ ತಪ್ಪು ಯಾರದು. ನಾಕರ ಗಾಡಿ ಕೂಗಿತು. ಚಾಚಾ ಕೇಳಿದ. ಹಳಿ ಕೂಡಿಸಿ ಮುದುಕ ಆದಂವಗ ಅದು ಕೇಳದೇ ಇರ್ತದೇನು? ಅರವತ್ನಾಕರ ಮಾತು ಇನ್ನೂ ಜೋರ್ ಮಾಡಿದ. ಮಾಸ್ತರೂ ಕೇಳಿದ್ರು.

“ಗಾಡಿ ಹೋತಲ್ಲೋ ಶಿಲ್ಪಿ,” ಅಂದ್ರು.

“ಕಲ್ಲು ಭಾಳ ಬಿರಿಸದರಿ ಸರ.”

“ಹೂಂ. ರಾವೂರ ಕಲ್ಲು ಬಿರಿಸೇ,” ಅಂದ್ರು ಮಾಸ್ತರು. ವಹಿ ಮತ್ತ ತೊಡಿ ಮ್ಯಾಲ ತಗದ್ರು.

ಐದಕ್ಕ ಕೆಲಸ ಮುಗಸಿದೆ. ಏಳನೇ ಸಾಲಿನ ಜಾಗಾದಾಗ ಅಂಗೈಯಷ್ಟು ತಗ್ಗು ಬಿದ್ದಿತ್ತು, ಖಾಲಿ. “ಹೋಗಿ ಬರ್ತೀನ್ರಿ ಚಾಚಾ,” ಅಂದೆ. “ಸರ, ಬರ್ತೀನ್ರಿ.” ಇಬ್ಬರೂ ವಹಿಯಾಗ ತಲಿ ಕೂಡಿಸಿ ಬೈದಾಡ್ಲಿಕತ್ತಿದ್ರು. ಕೇಳಲಿಲ್ಲ. ಬಕ್ಷೀಸೂ ಕೇಳದೇ ಸಂಜಿ ಪ್ಯಾಸೆಂಜರ್ ಹತ್ತಿದೆ. ಕುಂದ್ರೋ ಬಾಕಿನ ಮ್ಯಾಲ ನನ್ನ ಬಾಜೂಕ ಸುತ್ತಿಗಿ ಚೀಲ ಇಟ್ಟಿದ್ದೆ. ಶಹಾಬಾದ್ ಬರೋತನಕ ಎರಡು ಸಲ ಹೊಳ್ಳಿ ಅದರ ಕಡಿ ನೋಡಿದೆ.

ಆ ತಗ್ಗಿನಾಗ ಈಗ ಮಳಿ ನೀರು ನಿಂದ್ರತದಂತ, ಗುಬ್ಬಿ ಕುಡೀತಾವಂತ. ಏಳನೇ ಕಪ್ ಇನ್ನಾ ಬಂದಿಲ್ಲ. ಚಾಚಾ ಗಟ್ಟಿಮುಟ್ಟ ಅದಾನ, ತಿಂಗಳಿಗೊಮ್ಮೆ ಮಾಸ್ತರು ಬರ್ತಾರ. ಖಾಲಿ ಸಾಲು ಹೆಸರು ಕರೀತದ ಅನ್ನೋ ಕಾಕಾನ ಮಾತು ಸುಳ್ಳಲ್ಲ, ಆದ್ರ ಕರದದ್ದು ಸಾಯ್ಲಿಕ್ಕಲ್ಲ, ಜಗಳಕ್ಕ. ನನ್ನ ಕೆಲಸ ನನಗ ಕಲಿಸಿದ ಪಾಠ ಇಷ್ಟೇ: ಎದುರಿನವರ ಮಾತಿಗಿ ಜಾಗಾ ಬಿಡಬೇಕು, ತಾನೇ ತುಂಬಬಾರದು.

ಮೊನ್ನೆ ಒಂದು ಮುಕ್ಕಾದ ಫರ್ಸಿ ಸಿಕ್ತು. ಅದರ ಮ್ಯಾಲ ನನ್ನ ಹೆಸರು ಕೆತ್ತೀನಿ. ಕೆಳಗ ಹನ್ನೊಂದು ಗೋಲು ಅಂತ ಬರೀಲಿಕ್ಕ ಉಳಿ ಎತ್ತಿ, ಇಳಿಸಿದೆ. ಒಂದು ಗೆರಿ ಹಾಕಿ ಖಾಲಿ ಬಿಟ್ಟು ಅಂಗಳದ ಬಾಗಿಲಿಗಿ ಆನಿಸೀನಿ. ಯಾರರೆ ಬಂದು, “ಸುಳ್ಳು ಮಗನೇ, ನೀ ಹೊಡದದ್ದು ಒಂದೇ ಗೋಲು,” ಅಂದ್ರ, ಅವರ ಹೆಸರು ಅಲ್ಲಿ ಕೆತ್ತಬೇಕಂತೀನಿ.