ಅಂಚಿನಲ್ಲಿ ಮರಿ ಹಾಕುವ ಎಲೆ

ನಮ್ಮ ಡೊಂಬಿವ್ಲಿ ಮನೆಯ ಕಿಟಕಿ ಗ್ರಿಲ್ಲಿಗೆ ಆ ಗಿಡ ಬಂದದ್ದು ಎದುರುಮನೆಯವರಿಂದ. ಅವರು ಟಿಟ್ವಾಳಾದಲ್ಲಿ ಸ್ವಂತ ಫ್ಲ್ಯಾಟು ಕೊಂಡು ಹೊರಟಾಗ, ಟೆಂಪೋದಲ್ಲಿ ಜಾಗವಿಲ್ಲವೆಂದು ಹಳೆಯ ಪೇಂಟ್ ಡಬ್ಬಿಯಲ್ಲಿದ್ದ ಗಿಡವನ್ನು ನನ್ನ ಕೈಗಿಟ್ಟರು. ಹೆಸರು ಕೇಳಿದರೆ "ಶೋ ಕಾ ಹೈ", ಅಂದಕ್ಕೆ ಇಟ್ಟದ್ದು ಎಂದರು, ಅಷ್ಟೆ. ದಪ್ಪ ಎಲೆ, ನೀರು ಮರೆತರೂ ಬಾಡದ ಜಾತಿ. ಬಟ್ಟೆ ಒಣಗಿಸುವ ಜಾಗವನ್ನು ಅದು ನುಂಗಿತೆಂದು ಒಂದಿಷ್ಟು ಗೊಣಗಿ ಸುಮ್ಮನಾದೆ.

ಆ ವರ್ಷ ನನ್ನ ಗಂಡನಿಗೆ ಕಿಡ್ನಿಯಲ್ಲಿ ಕಲ್ಲಾಯಿತು. ನೌಪಾಡಾದ ಹೋಟೆಲೊಂದರ ಗಲ್ಲಾದಲ್ಲಿ ಕೂರುವ ಕೆಲಸ ಇವರದು. ನೋವು ಬಂದಾಗ ಗಿರಾಕಿಗಳೆದುರೇ ಮೇಜಿಗೆ ತಲೆಯಿಟ್ಟು ನರಳುತ್ತಿದ್ದರಂತೆ. ಡಾಕ್ಟರು ಆಪರೇಷನ್ ಎಂದರು. ಸುದ್ದಿ ಕೇಳಿ ಉಡುಪಿಯಿಂದ ಓಡಿಬಂದ ಅತ್ತೆ, "ನಾನಿರುವಾಗ ಅವನ ಮೈಗೆ ಕತ್ತಿ ಹಾಕ್ಲಿಕ್ಕೆ ಬಿಡುದಿಲ್ಲ" ಎಂದು ಹಟ ಹಿಡಿದರು. ಮೊದಲೇ ಹೆದರಿದ್ದ ಇವರಿಗೆ ಅಷ್ಟೇ ಸಾಕಾಯಿತು. ಆಸ್ಪತ್ರೆಯ ಮಾತೇ ನಿಂತುಹೋಯಿತು.

ಒಂದು ಬೆಳಿಗ್ಗೆ ಅತ್ತೆ ಗ್ರಿಲ್ಲಿನ ಹತ್ತಿರದಿಂದ ಕೂಗಿದರು. "ಎಂತದು ಮಾರಾಯ್ತಿ, ಕಾಡುಬಸಳೆಯನ್ನು ಮನೆಯಲ್ಲೇ ಇಟ್ಕೊಂಡು ಸುಮ್ಮನೆ ಕೂತಿದ್ದೀಯಲ್ಲ! ಕಲ್ಲು ಕರಗ್ಲಿಕ್ಕೆ ಇದಕ್ಕಿಂತ ಮದ್ದು ಉಂಟಾ?"

ನನಗೆ ಅನುಮಾನ. ನಾನು ಕಂಡ ಕಾಡುಬಸಳೆಯದು ಅಗಲವಾದ, ದುಂಡು ಎಲೆ. ಇದರದು ಕಿರಿದು, ಉದ್ದ. ಅಡಿಯಲ್ಲಿ ನೇರಳೆ ಮಚ್ಚೆ ಬೇರೆ. ಹಾಗೆಂದು ಹೇಳಿದರೆ, "ಇಲ್ಲಿನ ನೀರಿಗೆ ಮನುಷ್ಯರೇ ಬದಲಾಗ್ತಾರೆ, ಎಲೆ ಬದಲಾಗುದಿಲ್ವಾ?" ಎಂದು ನನ್ನನ್ನೇ ನೋಡಿ ಹೇಳಿದರು. ಆದರೆ ಅವರ ಬಳಿ ಒಂದು ಗಟ್ಟಿ ಸಾಕ್ಷಿಯಿತ್ತು. ಎಲೆಯ ಅಂಚಿನುದ್ದಕ್ಕೂ ಪುಟ್ಟ ಪುಟ್ಟ ಮರಿಗಿಡಗಳು ಸಾಲಾಗಿ ಕೂತಿದ್ದವು. ಅಂಚಿನಲ್ಲಿ ಮರಿ ಹಾಕಿದರೆ ಅದು ಕಾಡುಬಸಳೆಯೇ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದು, ನಾನೂ ನಂಬಿದ್ದೆ. ಅಂಚು ನೋಡಿದರೆ ಹೌದು, ಉಳಿದದ್ದೇನು ನೋಡಿದರೂ ಅಲ್ಲ. ವಿಷಗಿಷ ಆಗಿದ್ದರೆ ಏನು ಗತಿ? ನಾನು ವಿಚಾರಿಸುವ ತನಕ ಇವರಿಗೆ ಕೊಡಕೂಡದೆಂದು ಅತ್ತೆಯ ಹತ್ತಿರ ಮಾತು ತೆಗೆದುಕೊಂಡೆ.

ಮರುದಿನ ಒಂದು ಎಲೆಯನ್ನು ಟಿಫಿನ್ನಿನ ಮುಚ್ಚಳದಲ್ಲಿಟ್ಟುಕೊಂಡು ಆಫೀಸಿಗೆ ಹೋಗುವ ಲೋಕಲ್ ಹತ್ತಿದೆ. ಲೇಡೀಸ್ ಡಬ್ಬಿಯಲ್ಲಿ ಕೇಳಬಾರದ್ದನ್ನು ಕೇಳಿಬಿಟ್ಟೆ ನೋಡಿ. "ಹೀ ಪಾನ್‌ಫುಟೀಚ್ ಆಹೆ" ಎಂದು ಒಬ್ಬಾಕೆ ಮರಾಠಿಯಲ್ಲಿ, ಇದು ಪಾನ್‌ಫುಟಿಯೇ ಎಂದು ತೀರ್ಪು ಕೊಟ್ಟಳು. "ಪತ್ಥರ್‌ಚಟ್ಟಾ ಹೈ, ಮೇರೇ ಜೇಠ್ ಕಾ ಪತ್ಥರ್ ಇಸೀ ಸೇ ಗಿರಾ" ಎಂದಳು ಇನ್ನೊಬ್ಬಳು; ಅವಳ ಭಾವನ ಕಲ್ಲು ಇದರಿಂದಲೇ ಬಿದ್ದಿತ್ತಂತೆ. ಕಿಟಕಿ ಪಕ್ಕದ ಅಜ್ಜಿ ಮೂಸಿ ನೋಡಿ, ಇದು ತಲೆಗೂದಲಿಗೆ ಹಚ್ಚುವ ಎಲೆ ಎಂದು ಅಪ್ಪಣೆ ಕೊಟ್ಟರು. ಮುಂಬ್ರಾ ದಾಟುವಷ್ಟರಲ್ಲಿ ಎಲೆ ಬೋಗಿಯ ಆ ತುದಿಗೆ ತಲುಪಿ ಇನ್ನೂ ಒಂದಿಷ್ಟು ಹೆಸರು ಕಟ್ಟಿಕೊಂಡು ಬಂತು. ಠಾಣೆಯಲ್ಲಿ ಇಳಿಯುವಾಗ ಎಲೆ ನಜ್ಜುಗುಜ್ಜಾಗಿತ್ತು, ನನ್ನ ತಲೆಯೂ ಕೆಟ್ಟಿತ್ತು.

ಸಂಜೆ ಮನೆಗೆ ಬಂದವಳೇ ಮಗಳನ್ನು ಕಂಪ್ಯೂಟರಿನೆದುರು ಕೂರಿಸಿದೆ. ಇಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. "ಮಮ್ಮಿ, ಐಸೇ ದೋ ಪ್ಲಾಂಟ್ ಹೈ. ದೋನೋ ಕೇ ಪತ್ತೇ ಪೇ ಬೇಬೀಸ್ ಆತೇ ಹೈ. ಏಕ್ ಕೋ ದವಾ ಬೋಲ್ತೇ ಹೈ, ಏಕ್ ಕೋ ಜಹರ್." ಇಂಥ ಗಿಡ ಎರಡುಂಟಂತೆ, ಎರಡೂ ಎಲೆಯಲ್ಲಿ ಮರಿ ಹಾಕುತ್ತವಂತೆ, ಒಂದು ಮದ್ದು, ಇನ್ನೊಂದು ವಿಷ.

"ನಮ್ಮದು ಯಾವುದೇ?"

"ಕ್ಯಾ ಪತಾ. ಯಹಾಂ ಫೋಟೋ ಬ್ಲರ್ ಹೈ."

ಫೋಟೋ ಮಸುಕು, ಅಂಚಿನ ಸಾಕ್ಷಿಯೂ ಕೈಬಿಟ್ಟಂತಾಯಿತು. ಭಾನುವಾರ ಇನ್ನೊಂದು ಎಲೆ ಹಿಡಿದು ಕಲ್ಯಾಣದ ನರ್ಸರಿಗೆ ಹೋದೆ. ಅಂಗಡಿಯವನು ಎಲೆಯನ್ನು ತಿರುಗಿಸಿಯೂ ನೋಡದೆ, "ಮೈ ಬೇಚ್ತಾ ಹೂಂ ಭಾಭೀ, ಖಾತಾ ನಹೀ" ಎಂದ, ಮಾರುವವನು ತಾನು, ತಿನ್ನುವವನಲ್ಲವಂತೆ. ಸಿಟ್ಟು ನೆತ್ತಿಗೇರಿತು.

ಮಧ್ಯಾಹ್ನ ಮನೆಗೆ ಬಂದರೆ ಅಡುಗೆಮನೆಯಲ್ಲಿ ಮಿಕ್ಸಿ ತೊಳೆದು ಕವುಚಿಟ್ಟಿತ್ತು. ಪಕ್ಕದಲ್ಲಿ ಹಸಿರು ತಂಬುಳಿಯ ಬಟ್ಟಲು: ಎಲೆ, ತೆಂಗಿನಕಾಯಿ, ಜೀರಿಗೆ ರುಬ್ಬಿ ಮಜ್ಜಿಗೆ ಕಲಸಿದ್ದು. ಅರ್ಧ ಖಾಲಿ.

"ಇವರಿಗೆ ಕೊಟ್ರಾ ಅತ್ತೆ?"

"ಇಲ್ಲ, ಅವನು ಮಲಗಿದ್ದಾನೆ. ಗೊತ್ತಿಲ್ಲದ ಸೊಪ್ಪನ್ನು ಮನೆಯ ಹಿರಿಯರು ಮೊದಲು ತಿಂದು ನೋಡ್ಬೇಕು. ನಮ್ಮಲ್ಲಿ ಹಾಗೆಯೇ. ನಾನು ತಿಂದೆ."

ಗೊತ್ತಿಲ್ಲದ ಸೊಪ್ಪು! ಇಷ್ಟು ದಿನ ಕಾಡುಬಸಳೆ ಎಂದು ಮನೆ ಅಲ್ಲಾಡುವ ಹಾಗೆ ವಾದಿಸಿದವರು ಇವರೇನಾ? ನನಗಿದ್ದಷ್ಟೇ ಅನುಮಾನ ಅವರಿಗೂ ಇತ್ತೆಂದು ಆಗ ಗೊತ್ತಾಯಿತು. ಬೈಯಬೇಕೋ ಕಾಲು ಹಿಡಿಯಬೇಕೋ ತಿಳಿಯದೆ ನಿಂತೆ. ಅವರು ಸೀರೆ ಬದಲಾಯಿಸಿ, ತಲೆ ಬಾಚಿ, ಎಲ್ಲಿಗೋ ಹೊರಟವರ ಹಾಗೆ ಕುರ್ಚಿಯಲ್ಲಿ ಕೂತಿದ್ದರು.

ಸ್ವಲ್ಪ ಹೊತ್ತಿಗೆಲ್ಲ ವಾಂತಿ ಶುರುವಾಯಿತು. ನಿಲ್ಲಲೇ ಇಲ್ಲ. ಇವರೂ ನಾನೂ ಅವರನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಓಡಿದೆವು. ಡಾಕ್ಟರು ನಾಡಿ ಹಿಡಿದು, ಯಾವ ಎಲೆ ತಿಂದದ್ದು ಎಂದು ಕೇಳಿದರು. ನಾನು ಒಂದೊಂದೇ ಹೆಸರು ಹೇಳುತ್ತ ಹೋದೆ. ಅವರು ಬರೆಯಲು ಹೊರಟವರು ಪೆನ್ನು ಕೆಳಗಿಟ್ಟರು. ಊರೆಲ್ಲ ಕೇಳಿಕೊಂಡು ಬಂದವಳ ಹತ್ತಿರ ಕೊಡಲು ಒಂದು ಹೆಸರಿರಲಿಲ್ಲ. ಅಷ್ಟು ಅಸಹಾಯಕಳಾಗಿ ನಾನು ಯಾವತ್ತೂ ಅತ್ತಿರಲಿಲ್ಲ.

ಸಲೈನ್ ಏರಿಸಿದರು. ಸಂಜೆಗೆ ವಾಂತಿ ನಿಂತಿತು, ಗಾಬರಿ ಇಲ್ಲವೆಂದರು. ಇವರು ಅಮ್ಮನ ಪಾದ ಹಿಡಿದು ಮಂಚದ ತುದಿಯಲ್ಲಿ ಕೂತಿದ್ದರು. ಅತ್ತೆ ಕಣ್ಣು ಬಿಟ್ಟು ಮಗನ ಕಡೆ ತಿರುಗಿದರು.

"ಹೇಗೂ ಆಸ್ಪತ್ರೆಗೆ ಬಂದಾಯ್ತಲ್ಲ ಮಗಾ. ಆ ಕಲ್ಲು ತೆಗೆಸಿಕೊಂಡೇ ಮನೆಗೆ ಬಾ. ಇನ್ನೊಂದು ಎಲೆ ತಿಂದು ನೋಡುವ ಧೈರ್ಯ ನನಗಿಲ್ಲ."